ಯಂತ್ರಕ್ಕೆ ಹೇಳಿದ ಮಾತಿನ ಪ್ರಾಮಾಣ್ಯ

ಕಣ್ಣಾರೆ ಕಂಡದ್ದು ಅರಿವು; ಕಂಡದ್ದರಿಂದ ತರ್ಕಿಸಿ ತಿಳಿದದ್ದೂ ಅರಿವು. ಇನ್ನೊಬ್ಬರು ಹೇಳಿದ್ದನ್ನು ಕೇಳಿ ತಿಳಿದದ್ದು? ಈ ಪ್ರಶ್ನೆ ಹಿಡಿದು ಭಾರತೀಯ ದರ್ಶನಗಳು ಸಾವಿರ ವರ್ಷಕ್ಕೂ ಮೀರಿ ವಾದಿಸಿವೆ. ಚಾರ್ವಾಕರು ಮಾತನ್ನು ಪ್ರಮಾಣವೆಂದು, ಅಂದರೆ ಸರಿಯಾದ ಅರಿವಿನ ಸಾಧನವೆಂದು, ಒಪ್ಪಲೇ ಇಲ್ಲ. ಬೌದ್ಧ ತಾರ್ಕಿಕರೂ ವೈಶೇಷಿಕರೂ ಅದನ್ನು ಅನುಮಾನಪ್ರಮಾಣದ ಒಂದು ಬಗೆಯೆಂದು ಒಳಗೆ ಸೇರಿಸಿಕೊಂಡರು. ನೈಯಾಯಿಕರು, ಮೀಮಾಂಸಕರು, ವೇದಾಂತಿಗಳು ಶಬ್ದಕ್ಕೆ, ಅಂದರೆ ಮಾತಿಗೆ, ಬೇರೆಯದೇ ಪೀಠ ಕೊಟ್ಟರು. ಪಶ್ಚಿಮದಲ್ಲಿ 18ನೆಯ ಶತಮಾನದಲ್ಲಿ ಇದೇ ಜಗಳ ನಡೆಯಿತು. ಬೇರೆಯವರ ಸಾಕ್ಷ್ಯವನ್ನು ನಾವು ನಂಬುವುದು ಕೊನೆಗೆ ನಮ್ಮ ಅನುಭವದ ಬಲದ ಮೇಲೆಯೇ ಎಂದು ಡೇವಿಡ್ ಹ್ಯೂಮ್ ವಾದಿಸಿದ. ನಂಬುವುದು ಮನುಷ್ಯನ ಹುಟ್ಟುಗುಣ, ಅದಕ್ಕೆ ಮುಂಗಡ ಪುರಾವೆ ಬೇಡ ಎಂದು ಥಾಮಸ್ ರೀಡ್ ಹೇಳಿದ. ಈ ಎಲ್ಲ ವಾದಗಳಲ್ಲಿ ಕೇಳುವವನು ಮನುಷ್ಯನೇ ಆಗಿದ್ದ. ಅವನಿಗೆ ಕಣ್ಣಿತ್ತು, ಹಿಂದಿನ ಅನುಭವವಿತ್ತು, ಸಂದೇಹ ಬಂದರೆ ಹೇಳಿದವನನ್ನೇ ಮರಳಿ ಕೇಳುವ ಬಾಯಿತ್ತು. ಈಗ ಕೇಳುವ ಜಾಗಕ್ಕೆ ಯಂತ್ರ ಬಂದು ಕೂತಿದೆ. ಅದು ಓದಿದ್ದನ್ನು ಬಹುಮಟ್ಟಿಗೆ ಹಾಗೆಯೇ ಸ್ವೀಕರಿಸುತ್ತದೆ, ಸ್ವೀಕರಿಸಿದ್ದನ್ನು ಮರುಕ್ಷಣವೇ ಮಾಡಿಬಿಡುತ್ತದೆ. ಅದಕ್ಕೆಂದು ಬರೆದ ಮಾತಿನ ಗುಣಮಟ್ಟವನ್ನು ಅಳೆಯುವುದು ಹೇಗೆ ಎಂಬುದು ಎಂಜಿನಿಯರುಗಳ ಮೇಜಿನ ಮೇಲಿರುವ ಪ್ರಶ್ನೆ. ಅದು ಶಬ್ದಪ್ರಮಾಣದ ಪ್ರಶ್ನೆಯೂ ಹೌದು, ಹಾಗೆಂದು ತಿಳಿದು ಅಳೆದರೆ ಮಾತ್ರ ಅಳತೆ ಸರಿಹೋಗುತ್ತದೆ ಎಂಬುದು ಈ ಲೇಖನದ ವಾದ.

ಭಾಷಾ ಮಾದರಿಯೊಂದಕ್ಕೆ ಹೊರಗಿನ ಕೆಲಸ ಮಾಡುವ ಸೌಲಭ್ಯ ಕೊಟ್ಟರೆ ಅದನ್ನು ಎಐ ಏಜೆಂಟ್ ಎನ್ನುತ್ತಾರೆ. ಟಿಕೆಟ್ ಕಾಯ್ದಿರಿಸುವುದು, ಹಣ ಮರಳಿಸುವುದು, ಫೈಲ್ ಅಳಿಸುವುದು, ಇಮೇಲ್ ಕಳಿಸುವುದು, ಇವೆಲ್ಲ ಅದರ ಟೂಲ್‌ಗಳು. ಬಹುತೇಕ ಟೂಲ್‌ಗಳ ಹಿಂದೆ ಒಂದು ಎಪಿಐ ಇರುತ್ತದೆ. ಒಂದು ತಂತ್ರಾಂಶ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳಲು ಗೊತ್ತುಮಾಡಿದ ದಾರಿ ಅದು. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಎಪಿಐಗೆ ಮಾದರಿಗೆ ಟೂಲ್ ಕರೆಯಲು ಬಿಡುವ ‘ಫಂಕ್ಷನ್ ಕಾಲಿಂಗ್’ ಸೇರಿಸಿತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಅಥವಾ ಎಂಸಿಪಿ ಎಂಬ, ಏಜೆಂಟ್ ಮತ್ತು ಟೂಲ್ ಜೋಡಿಸುವ ಮುಕ್ತ ಮಾನದಂಡವನ್ನು ಪ್ರಕಟಿಸಿತು. ಎರಡರಲ್ಲೂ ಏಜೆಂಟ್‌ನ ಮುಂದಿರುವುದು ಟೂಲ್‌ನ ಹೆಸರು, ಕೆಲವು ಸಾಲಿನ ವಿವರಣೆ, ತುಂಬಬೇಕಾದ ಮಾಹಿತಿಯ ಪಟ್ಟಿ, ಇಷ್ಟೇ. ಒಂದನ್ನು ಹತ್ತಿರದಿಂದ ನೋಡೋಣ. ಹಣ ಮರಳಿಸುವ ಟೂಲ್‌ಗೆ ಯಾರೋ ಹೀಗೆ ವಿವರಣೆ ಬರೆದಿದ್ದಾರೆ ಎಂದುಕೊಳ್ಳಿ: ‘ಗ್ರಾಹಕರಿಗೆ ಹಣ ಮರಳಿಸುತ್ತದೆ. ಆರ್ಡರ್ ಐಡಿ: ಆರ್ಡರ್‌ನ ಐಡಿ. ಮೊತ್ತ: ಪೂರ್ಣಾಂಕ.’ ಗ್ರಾಹಕಿಗೆ 500 ರೂಪಾಯಿ ವಾಪಸು ಕೊಡು ಎಂದು ಏಜೆಂಟ್‌ಗೆ ಹೇಳಿದರೆ ಅದು ಮೊತ್ತದ ಜಾಗದಲ್ಲಿ 500 ಎಂದು ತುಂಬುತ್ತದೆ. ಆದರೆ ಬೆಂಗಳೂರಿನ ರೇಜರ್‌ಪೇ, ಅಮೆರಿಕದ ಸ್ಟ್ರೈಪ್‌ನಂಥ ಪಾವತಿ ಎಪಿಐಗಳಲ್ಲಿ ಮೊತ್ತವನ್ನು ಕೊಡಬೇಕಾದದ್ದು ಆಯಾ ನಾಣ್ಯದ ಅತಿ ಚಿಕ್ಕ ಪ್ರಮಾಣದಲ್ಲಿ, ನಮ್ಮಲ್ಲಾದರೆ ಪೈಸೆಯಲ್ಲಿ. ಅಲ್ಲಿ 500 ಎಂದರೆ ಐದೇ ರೂಪಾಯಿ. ಜಪಾನಿನ ಯೆನ್‌ಗೆ ಚಿಲ್ಲರೆ ಇಲ್ಲದ್ದರಿಂದ ಅದರಲ್ಲಿ 500 ಎಂದರೆ 500 ಯೆನ್ನೇ. ಆ ಕಂಪನಿಗಳ ಮೂಲ ದಾಖಲೆಗಳು ಇದನ್ನು ಉದಾಹರಣೆ ಸಮೇತ ಹೇಳುತ್ತವೆ. ನಡುವೆ ಏಜೆಂಟ್‌ಗೆಂದು ಚುಟುಕಾಗಿ ಬರೆದವರು ಆ ಒಂದು ಸಾಲು ಬಿಟ್ಟರೆ ಸಾಕು, ಐದು ರೂಪಾಯಿ ಹೋಗುತ್ತದೆ, ‘ಯಶಸ್ವಿ’ ಎಂಬ ಉತ್ತರ ಬರುತ್ತದೆ, 500 ರೂಪಾಯಿ ಮರಳಿಸಿದ್ದೇನೆ ಎಂದು ಏಜೆಂಟ್ ವರದಿ ಒಪ್ಪಿಸುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಸುಳ್ಳು ಹುಟ್ಟಿದೆ.

ಇಂಥ ವಿವರಣೆಗಳ ಗುಣಮಟ್ಟವನ್ನು ಈಗ ಅಳೆಯುವ ರೂಢಿಯ ವಿಧಾನ ಸರಳ. ಏಜೆಂಟ್‌ಗೆ ಒಂದಷ್ಟು ಕೆಲಸ ಕೊಡಿ, ಎಷ್ಟು ಸರಿಯಾಗಿ ಮುಗಿಸಿತು ಎಂದು ಎಣಿಸಿ, ವಿವರಣೆಯನ್ನು ತಿದ್ದಿ, ಮತ್ತೆ ಎಣಿಸಿ. ಈ ವಿಧಾನಕ್ಕೆ ಫಲವಿಲ್ಲದಿಲ್ಲ. ಉದಾಹರಣೆಗೆ, ಒಂದು ಏಜೆಂಟ್ ತಾನಿದ್ದ ಫೋಲ್ಡರ್ ಬಿಟ್ಟು ಬೇರೆಡೆಗೆ ಹೋದ ಮೇಲೆ ಫೈಲ್‌ನ ಅರ್ಧ ವಿಳಾಸ ಕೊಟ್ಟು ಎಡವುತ್ತಿತ್ತು. ಯಾವಾಗಲೂ ಪೂರ್ತಿ ವಿಳಾಸವನ್ನೇ ಕೊಡಬೇಕು ಎಂದು ಟೂಲ್ ಅನ್ನು ಬದಲಿಸಿದ ಮೇಲೆ ಆ ತಪ್ಪು ನಿಂತಿತು ಎಂದು ಆಂಥ್ರೊಪಿಕ್‌ನ ಎಂಜಿನಿಯರುಗಳು 2024ರ ಡಿಸೆಂಬರ್‌ನಲ್ಲಿ ಬರೆದರು. ತಿದ್ದುಪಡಿ ನಿಜವಾದದ್ದು, ಅಳತೆಯೂ ನಿಜವಾದದ್ದು. ಆದರೆ ಎಣಿಕೆಯ ಅಂಕ ಎರಡು ಸಂಗತಿಗಳನ್ನು ಒಂದೇ ಪಾತ್ರೆಗೆ ಸುರಿಯುತ್ತದೆ: ಹೇಳಿದ ಮಾತಿನ ಗುಣ, ಕೇಳಿದವನ ಜಾಣತನ. ನೂರಕ್ಕೆ ಎಂಬತ್ತು ಬಂದರೆ ಮಾತು ಒಳ್ಳೆಯದೋ, ಮಾದರಿ ಚುರುಕೋ, ಕೊಟ್ಟ ಕೆಲಸವೇ ಸುಲಭವೋ ಎಂದು ಅಂಕ ಹೇಳುವುದಿಲ್ಲ. 2024ರಲ್ಲಿ ಸಿಯೆರಾ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಟೌ-ಬೆಂಚ್ ಎಂಬ ಪರೀಕ್ಷೆ ಇನ್ನೊಂದು ಬಿರುಕನ್ನೂ ತೋರಿಸಿತು. ಒಂದೇ ಕೆಲಸವನ್ನು ಮತ್ತೆ ಮತ್ತೆ ಕೊಟ್ಟಾಗ ಪ್ರತಿ ಸಲವೂ ಗೆಲ್ಲುತ್ತದೆಯೇ ಎಂದು ಅದು ಕೇಳಿತು. ಅಂದಿನ ಮುಂಚೂಣಿಯ ಮಾದರಿ ಜಿಪಿಟಿ-4ಒ ಒಟ್ಟು ಕೆಲಸಗಳಲ್ಲಿ ಅರ್ಧಕ್ಕಿಂತ ಕಡಿಮೆ ಗೆದ್ದಿತ್ತು. ಚಿಲ್ಲರೆ ವ್ಯಾಪಾರದ ವಿಭಾಗದಲ್ಲಿ ಎಂಟಕ್ಕೆ ಎಂಟೂ ಸಲ ಗೆದ್ದ ಪ್ರಮಾಣ ನೂರಕ್ಕೆ 25ಕ್ಕೂ ಕಡಿಮೆ. ಒಂದು ಸಲದ ಗೆಲುವು ತಿಳಿವಿನ ಗುರುತಾಗಬೇಕಿಲ್ಲ. ಅದು ಅದೃಷ್ಟವೂ ಆಗಬಹುದು.

ಗೆಲುವನ್ನು ಜ್ಞಾನದ ಪರೀಕ್ಷೆಯಾಗಿ ಬಳಸುವುದು ನಮ್ಮಲ್ಲಿ ಹೊಸದಲ್ಲ. ನೀರು ಎಂದು ತಿಳಿದು ಹೋದವನಿಗೆ ಬಾಯಾರಿಕೆ ತೀರಿದರೆ ಆ ತಿಳಿವು ಸರಿ ಎಂದು ನೈಯಾಯಿಕರು ಹೇಳಿದರು. ಪ್ರವೃತ್ತಿಸಾಮರ್ಥ್ಯ ಎಂದು ಅದಕ್ಕೆ ಹೆಸರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ವೇದದ ಪ್ರಾಮಾಣ್ಯವನ್ನು ಸಾಧಿಸುವಾಗ ಗೌತಮನ ನ್ಯಾಯಸೂತ್ರ ಆಯುರ್ವೇದದ ದೃಷ್ಟಾಂತ ಕೊಡುತ್ತದೆ. ಔಷಧ ಕೆಲಸ ಮಾಡುವುದನ್ನು ನೋಡುತ್ತೇವೆ; ಅದರಿಂದ ಹೇಳಿದವನು ನಂಬಿಕೆಗೆ ಅರ್ಹ ಎಂದು ತಿಳಿಯುತ್ತೇವೆ; ಆ ಅರ್ಹತೆಯ ಬಲದಿಂದ, ನಾವು ಪರೀಕ್ಷಿಸಿ ನೋಡಲಾಗದ ಅವನ ಇತರ ಮಾತುಗಳನ್ನೂ ಒಪ್ಪುತ್ತೇವೆ. ತರ್ಕದ ಈ ನಡೆಯನ್ನು ಗಮನಿಸಬೇಕು. ಫಲದಿಂದ ಹೊರಟ ದಾರಿ ಹೇಳಿದವನ ಬಳಿಗೆ ಹೋಗಿ, ಅಲ್ಲಿಂದ ಕಾಣದ ವಿಷಯಗಳಿಗೆ ಮರಳುತ್ತದೆ. ಫಲ ಮೆಟ್ಟಿಲು, ತಲುಪಬೇಕಾದದ್ದು ಆಪ್ತತ್ವ, ಅಂದರೆ ಹೇಳಿದವನ ನಂಬಲರ್ಹತೆ. ಏಜೆಂಟ್‌ಗಳ ಪರೀಕ್ಷೆಯಲ್ಲಿ ನಾವು ಮೆಟ್ಟಿಲಲ್ಲೇ ಕೂತಿದ್ದೇವೆ. ನೂರು ಕೆಲಸ ಕೊಟ್ಟು ನೋಡಿದ ಮೇಲೆ, ಪರೀಕ್ಷೆಯಲ್ಲಿ ಬಾರದ ನೂರೊಂದನೆಯ ಸಂದರ್ಭದಲ್ಲಿ ಈ ವಿವರಣೆಯನ್ನು ನಂಬಬಹುದೇ ಎಂಬ ಪ್ರಶ್ನೆಗೆ ಅಂಕಪಟ್ಟಿಯಲ್ಲಿ ಉತ್ತರವಿಲ್ಲ. ಏಜೆಂಟ್ ಮಾಡುವ ನಿಜವಾದ ಕೆಲಸವೆಲ್ಲ ಆ ನೂರೊಂದನೆಯದೇ.

ಆಪ್ತ ಯಾರು ಎಂಬುದಕ್ಕೆ ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ ಕೊಟ್ಟ ಉತ್ತರ ಇಂದಿಗೂ ಹರಿತವಾಗಿದೆ. ವಿಷಯವನ್ನು ನೇರವಾಗಿ ಅರಿತಿರಬೇಕು, ಅರಿತಂತೆಯೇ ತಿಳಿಸುವ ಇಚ್ಛೆಯಿರಬೇಕು, ಆ ಇಚ್ಛೆಯಿಂದ ಹೇಳಲು ತೊಡಗಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಆತ ಸೇರಿಸುತ್ತಾನೆ. ಅಂದರೆ ನಂಬಿಕೆಗೆ ಕಾರಣ ಹೇಳಿದವನ ಪ್ರತಿಷ್ಠೆಯಲ್ಲ, ಅವನ ಅರಿವು ಮತ್ತು ಪ್ರಾಮಾಣಿಕತೆ. ಎಪಿಐ ದಾಖಲೆಗೆ ಇದನ್ನು ಹಚ್ಚಿದರೆ ಮೂರು ನೇರ ಪ್ರಶ್ನೆಗಳು ಏಳುತ್ತವೆ. ಬರೆದವರಿಗೆ ಟೂಲ್‌ನ ನಡವಳಿಕೆ ನಿಜಕ್ಕೂ ಗೊತ್ತಿತ್ತೇ, ಅಥವಾ ಹಳೆಯ ಆವೃತ್ತಿಯ ಮಾತನ್ನು ನಕಲು ಮಾಡಿದರೇ? ಗೊತ್ತಿದ್ದನ್ನು ಹಾಗೆಯೇ ಹೇಳಿದರೇ, ಅಥವಾ ಮಿತಿಗಳನ್ನು ಮರೆಸಿ ಹೊಗಳಿಕೆ ಸೇರಿಸಿದರೇ? ಟೂಲ್ ಬದಲಾದಾಗ ಮಾತನ್ನೂ ಬದಲಿಸುವ ಹೊಣೆ ಹೊತ್ತಿದ್ದಾರೆಯೇ? ದೊಡ್ಡ ಕಂಪನಿಯ ಹೆಸರು ಈ ಮೂರರಲ್ಲಿ ಒಂದಕ್ಕೂ ಉತ್ತರವಾಗುವುದಿಲ್ಲ.

ಮಾತಿನ ಗುಣವನ್ನು ಕೇಳುಗನ ಜಾಣತನದಿಂದ ಬಿಡಿಸಿ ನೋಡಲು ಇನ್ನೊಂದು ಸಲಕರಣೆ ಕನ್ನಡ ನಾಡಿನ ತತ್ತ್ವಪರಂಪರೆಯಲ್ಲೇ ಇದೆ. 14ನೆಯ ಶತಮಾನದ ದ್ವೈತ ಆಚಾರ್ಯ, ಟೀಕಾಚಾರ್ಯರೆಂದೇ ಹೆಸರಾದ ಜಯತೀರ್ಥರು ತಮ್ಮ ‘ಪ್ರಮಾಣಪದ್ಧತಿ’ಯಲ್ಲಿ ಆಗಮವನ್ನು, ಅಂದರೆ ಶಬ್ದಪ್ರಮಾಣವನ್ನು, ದೋಷವಿಲ್ಲದ ಶಬ್ದವೆಂದು ಲಕ್ಷಣಿಸುತ್ತಾರೆ. ಬಳಿಕ ಮಾತಿನ ದೋಷಗಳು ಯಾವುವು ಎಂದು ಬಿಡಿಸಿ ಹೇಳುತ್ತಾರೆ: ಏನನ್ನೂ ತಿಳಿಸದಿರುವುದು, ಇರುವುದಕ್ಕೆ ವಿರುದ್ಧವಾಗಿ ತಿಳಿಸುವುದು, ಗೊತ್ತಿದ್ದನ್ನೇ ತಿಳಿಸುವುದು, ಪ್ರಯೋಜನವಿಲ್ಲದ್ದನ್ನು ಹೇಳುವುದು, ಕೇಳುವವನಿಗೆ ಬೇಡದ ಪ್ರಯೋಜನಕ್ಕಾಗಿ ಹೇಳುವುದು, ಮಾಡಲಾಗದ ಉಪಾಯವನ್ನು ಬೋಧಿಸುವುದು, ಹಗುರ ಉಪಾಯವಿದ್ದಾಗ ಭಾರದ ಉಪಾಯವನ್ನು ಬೋಧಿಸುವುದು. ಈ ಪಟ್ಟಿಯಲ್ಲಿ ಸತ್ಯದ ವಿಚಾರ ಬರುವುದು ಒಂದೇ ಕಡೆ. ಉಳಿದವುಗಳಲ್ಲಿ ಮಾತು ಸುಳ್ಳಾಗಿರಬೇಕೆಂದೇನೂ ಇಲ್ಲ. ಆದರೂ ಅದು ದೋಷದ ಮಾತೇ. ನಿಜ ಹೇಳಿದರೆ ಸಾಕು ಎಂಬ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ. ಮಾತು ಕೇಳುವವನನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದೂ ಅದರ ಗುಣದೊಳಗೇ ಬರುತ್ತದೆ.

ಹಣ ಮರಳಿಸುವ ಆ ಟೂಲ್‌ನ ಮೂರು ಸಾಲಿಗೆ ಈ ಪಟ್ಟಿಯನ್ನು ಒಡ್ಡಿ ನೋಡಿ. ‘ಆರ್ಡರ್ ಐಡಿ: ಆರ್ಡರ್‌ನ ಐಡಿ’ ಎಂಬುದು ಗೊತ್ತಿದ್ದನ್ನೇ ತಿಳಿಸುವ ದೋಷ. ಏಜೆಂಟ್ ಓದುವ ಪ್ರತಿ ಪದಕ್ಕೂ ಬೆಲೆಯಿದೆ, ಅದರ ಓದಿನ ಜಾಗಕ್ಕೆ ಮಿತಿಯಿದೆ, ಹಾಗಾಗಿ ಈ ದೋಷ ಬರೀ ಶೈಲಿಯದಲ್ಲ. ಹಣ ಮರಳಿಸಲು ಪ್ರತಿ ಸಲ ಒಟಿಪಿ ಹಾಕಬೇಕೆಂಬ ನಿಯಮವಿದ್ದು, ಮನುಷ್ಯರಿಲ್ಲದ ಹೊತ್ತಿನಲ್ಲಿ ಓಡುವ ಏಜೆಂಟ್‌ಗೆ ಅದೇ ಟೂಲ್ ಕೊಟ್ಟರೆ ಅದು ಅಶಕ್ಯ ಉಪಾಯದ ಬೋಧನೆ. ಒಬ್ಬ ಗ್ರಾಹಕರನ್ನು ಹುಡುಕಲು ಎಲ್ಲ ಗ್ರಾಹಕರ ಪಟ್ಟಿ ತರಿಸಿಕೊಂಡು ಒಂದೊಂದಾಗಿ ಓದು ಎಂದು ಹೇಳಿ, ನೇರ ಹುಡುಕುವ ದಾರಿಯನ್ನು ಮುಚ್ಚಿಟ್ಟರೆ ಅದು ಹಗುರ ಉಪಾಯವಿದ್ದಾಗ ಭಾರದ್ದನ್ನು ಹೊರಿಸುವ ದೋಷ. ಮೊತ್ತದ ಸಾಲು ಹೆಚ್ಚು ವಿಚಿತ್ರ. ಅದು ತಪ್ಪನ್ನೇನೂ ಹೇಳಿಲ್ಲ; ಮೊತ್ತ ಪೂರ್ಣಾಂಕವೇ. ಅದರ ದೋಷ ಅಬೋಧಕತ್ವ, ಹೇಳಬೇಕಾದದ್ದನ್ನು ಹೇಳದಿರುವುದು. ಆದರೆ ಫಲ ಮಾತ್ರ ವಿಪರೀತಬೋಧದ್ದು, ಇರುವುದಕ್ಕೆ ವಿರುದ್ಧವಾಗಿ ತಿಳಿಸಿದಂತೆ. ಇಲ್ಲಿಯೇ ಯಂತ್ರ ಎಂಬ ಕೇಳುಗ ಮನುಷ್ಯನಿಂದ ಬೇರೆಯಾಗುವುದು. ಅರೆಬರೆ ಮಾತು ಕೇಳಿದ ಮನುಷ್ಯನಲ್ಲಿ ಆಕಾಂಕ್ಷೆ ಉಳಿಯುತ್ತದೆ. ರೂಪಾಯಿಯೋ ಪೈಸೆಯೋ ಎಂದು ಅವನು ಪಕ್ಕದವರನ್ನು ಕೇಳುತ್ತಾನೆ. ಭಾಷಾ ಮಾದರಿ ಕಲಿತಿರುವುದೇ ಬಿಟ್ಟ ಜಾಗವನ್ನು ಹೆಚ್ಚು ಸಂಭವನೀಯವಾದದ್ದರಿಂದ ತುಂಬುವುದನ್ನು. ಕೇಳುವ ಅವಕಾಶವಿದ್ದರೂ ಅದು ಕೇಳದೆಯೇ ಊಹಿಸಿ ಮುಂದೆ ಹೋಗಬಹುದು. ಏಜೆಂಟ್‌ನ ಮಟ್ಟಿಗೆ ದಾಖಲೆಯ ಮೌನವೂ ಒಂದು ಹೇಳಿಕೆಯಂತೆಯೇ ವರ್ತಿಸುತ್ತದೆ, ಬಹಳ ಸಲ ಸುಳ್ಳು ಹೇಳಿಕೆಯಂತೆ.

ಇದನ್ನು ಮಾನದಂಡ ಬರೆದವರು ಗುರುತಿಸಿದ್ದಾರೆ ಎಂಬುದಕ್ಕೆ ಸಾಕ್ಷಿಯಿದೆ. ಎಂಸಿಪಿಯ 2025ರ ಮಾರ್ಚ್ ಆವೃತ್ತಿಯಲ್ಲಿ ಟೂಲ್‌ನ ಸ್ವಭಾವ ತಿಳಿಸುವ ಸೂಚನೆಗಳು ಬಂದವು: ಇದು ಬರೀ ಓದುವ ಟೂಲೇ, ಇದ್ದದ್ದನ್ನು ನಾಶಮಾಡಬಲ್ಲದೇ, ಇದೇ ಕರೆಯನ್ನು ಎರಡು ಸಲ ಮಾಡಿದರೆ ಎರಡನೆಯದರಿಂದ ಹೆಚ್ಚಿನ ಪರಿಣಾಮವಾಗುವುದೇ, ಹೊರಜಗತ್ತಿನೊಂದಿಗೆ ವ್ಯವಹರಿಸುತ್ತದೆಯೇ. ಬರೆದವರು ಏನೂ ಹೇಳದಿದ್ದರೆ ಟೂಲ್ ನಾಶಕಾರಿಯಾಗಿರಬಹುದು, ಮರುಕರೆ ಸುರಕ್ಷಿತವಲ್ಲ ಎಂದೇ ಹಿಡಿಯಬೇಕು. ಮೌನಕ್ಕೆ ಕೆಟ್ಟ ಅರ್ಥವನ್ನೇ ಮೊದಲು ಕೊಡುವ ಈ ನಿಯಮ ಸಣ್ಣ ತಾಂತ್ರಿಕ ವಿವರದಂತೆ ಕಂಡರೂ ಒಳ್ಳೆಯ ಜ್ಞಾನಮೀಮಾಂಸೆ. ಹಣ ಕಳಿಸುವ ಕರೆಗೆ ಉತ್ತರ ಬರುವ ಮೊದಲೇ ಸಂಪರ್ಕ ಕಡಿದುಹೋದರೆ ಏಜೆಂಟ್ ಮತ್ತೆ ಕಳಿಸಬೇಕೋ ಬೇಡವೋ? ವೆಬ್‌ನ ಎಚ್‌ಟಿಟಿಪಿ ನಿಯಮದಲ್ಲಿ ಪುಟ್, ಡಿಲೀಟ್ ವಿಧಾನಗಳ ಕರೆಯನ್ನು ಪುನರಾವರ್ತಿಸಿದರೂ ಉದ್ದೇಶಿತ ಪರಿಣಾಮ ಒಂದೇ. ಪೋಸ್ಟ್‌ಗೆ ಆ ಭರವಸೆಯಿಲ್ಲ. ವಿವರಣೆಯಲ್ಲಿ ಇದರ ಬಗ್ಗೆ ಒಂದು ಸಾಲು ಇದೆಯೇ ಇಲ್ಲವೇ ಎಂಬುದರ ಮೇಲೆ ಒಬ್ಬರ ಖಾತೆಯಿಂದ ಎರಡು ಸಲ ಹಣ ಹೋಗುತ್ತದೆಯೇ ಎಂಬುದು ನಿಂತಿದೆ.

ಪಟ್ಟಿಯ ಐದನೆಯ ದೋಷ, ಕೇಳುವವನಿಗೆ ಬೇಡದ ಪ್ರಯೋಜನಕ್ಕಾಗಿ ಆಡಿದ ಮಾತು, ಇಂದು ಭದ್ರತೆಯ ದೊಡ್ಡ ತಲೆನೋವಾಗಿದೆ. 2025ರ ಏಪ್ರಿಲ್‌ನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಎಂಬ ಸಂಸ್ಥೆ ‘ಟೂಲ್ ಪಾಯ್ಸನಿಂಗ್’ ಎಂದು ಹೆಸರಿಟ್ಟು ಒಂದು ಪ್ರಯೋಗ ತೋರಿಸಿತು. ಎರಡು ಸಂಖ್ಯೆಗಳನ್ನು ಕೂಡುವ ಟೂಲ್ ಅದು. ಅದರ ವಿವರಣೆಯೊಳಗೆ, ಬಳಕೆದಾರರ ಕಣ್ಣಿಗೆ ಬೀಳದಂತೆ, ಇವರ ಕಂಪ್ಯೂಟರಿನ ಗುಪ್ತ ಕೀಲಿಗಳಿರುವ ಫೈಲ್ ಓದಿ ಅದನ್ನೂ ಟೂಲ್‌ಗೆ ಕೊಡು, ಇದನ್ನು ಬಳಕೆದಾರರಿಗೆ ಹೇಳಬೇಡ ಎಂಬ ಆದೇಶವಿತ್ತು. ಏಜೆಂಟ್ ಅದನ್ನು ಪಾಲಿಸಿತು. ಕೂಡುವ ಲೆಕ್ಕವೂ ಸರಿಯಾಗಿಯೇ ಬಂತು. ಫಲವನ್ನಷ್ಟೇ ಎಣಿಸುವ ಪರೀಕ್ಷೆಯಲ್ಲಿ ಈ ಟೂಲ್‌ಗೆ ನೂರಕ್ಕೆ ನೂರು ಅಂಕ. ಏಜೆಂಟ್ ಇಲ್ಲಿ ಮೀಮಾಂಸಕರ ಸ್ವತಃಪ್ರಾಮಾಣ್ಯದ ಮೊದಲರ್ಧವನ್ನು ಮಾತ್ರ ಪಾಲಿಸಿದಂತಾಯಿತು. ಅರಿವು ತಾನಾಗಿಯೇ ಪ್ರಮಾಣ ಎಂದ ಕುಮಾರಿಲಭಟ್ಟ, ಬಾಧಕ ಜ್ಞಾನ ಬಂದರೆ ಅಥವಾ ಅರಿವಿನ ಮೂಲದಲ್ಲಿ ದೋಷ ಕಂಡರೆ ಆ ಪ್ರಾಮಾಣ್ಯ ಬಿದ್ದುಹೋಗುತ್ತದೆ ಎಂದೂ ಹೇಳಿದ್ದ. ಮೂಲದ ದೋಷ ಹುಡುಕುವ ಈ ಉತ್ತರಾರ್ಧವನ್ನು ಏಜೆಂಟ್‌ನ ಪರವಾಗಿ ಬೇರೆ ಯಾರಾದರೂ ಮಾಡಬೇಕು. ನಂಬಿಕಸ್ಥ ಸರ್ವರ್‌ನಿಂದ ಬಂದ ಹೊರತು ಟೂಲ್‌ನ ಸ್ವಭಾವಸೂಚನೆಗಳನ್ನು ನಂಬಬಾರದು ಎಂದು ಎಂಸಿಪಿ ದಾಖಲೆ ಹೇಳುವುದು ಇದೇ ಕಾರಣಕ್ಕೆ. ದಾಖಲೆಯನ್ನು ಮೌಲ್ಯಮಾಪನ ಮಾಡುವವರು ನೈಯಾಯಿಕರಂತೆ ಪ್ರಾಮಾಣ್ಯವನ್ನು ಹೊರಗಿನಿಂದ ಸಾಧಿಸಬೇಕು. ಏಕೆಂದರೆ ಮೂಲವನ್ನು ಸಂದೇಹಿಸುವ ಶಕ್ತಿಯನ್ನು ಕೇಳುಗ ಅವರ ಬಳಿ ಒತ್ತೆಯಿಟ್ಟಿದ್ದಾನೆ.

ಇಲ್ಲಿ ಮೊದಲ ಆಕ್ಷೇಪ: ಮಾದರಿಗಳು ದಿನೇದಿನೇ ಜಾಣವಾಗುತ್ತಿವೆ, ನಾಳೆ ಕೆಟ್ಟ ವಿವರಣೆಯಿಂದಲೂ ಸರಿಯಾದ ಕೆಲಸ ಮಾಡುತ್ತವೆ, ಇಷ್ಟು ತಲೆಕೆಡಿಸಿಕೊಳ್ಳುವುದೇಕೆ? ಉಪ್ಪು ಎಷ್ಟೆಂದು ಬರೆಯದ ಪುಸ್ತಕ ಓದಿಯೂ ಕೈಪಳಗಿದವರು ರುಚಿಯಾದ ಸಾರು ಮಾಡಿಯಾರು. ಅದು ಪುಸ್ತಕದ ಗುಣವೆನಿಸುವುದಿಲ್ಲ. ಅದಕ್ಕಿಂತ ಮುಖ್ಯವಾದ ಉತ್ತರ ಬೇರೆಯಿದೆ. ಜಾಣತನ ತುಂಬಬಲ್ಲದ್ದು ಲೋಕರೂಢಿಯಿಂದ ಊಹಿಸಬಹುದಾದ ಜಾಗವನ್ನು ಮಾತ್ರ. 03/04/2025 ಎಂಬುದು ಏಪ್ರಿಲ್ 3ನೆಯ ತಾರೀಖೋ ಮಾರ್ಚ್ 4ನೆಯದೋ ಎಂಬುದನ್ನು ಎಷ್ಟು ಬುದ್ಧಿಯಿದ್ದರೂ ಆ ಅಂಕಿಗಳಿಂದ ಹೊರತೆಗೆಯಲಾಗದು. ಅದು ಬರೆದವರ ತೀರ್ಮಾನ, ಅವರು ಹೇಳಿದರೆ ಮಾತ್ರ ತಿಳಿಯುತ್ತದೆ. ಹಾಗೆ ನೋಡಿದರೆ ಜಾಣ ಕೇಳುಗನಿಂದ ಅಪಾಯ ಹೆಚ್ಚು. ದಡ್ಡ ಮಾದರಿ ಕೆಟ್ಟ ವಿವರಣೆ ಓದಿ ಮುಗ್ಗರಿಸಿ ದೋಷವನ್ನು ಬಯಲು ಮಾಡುತ್ತದೆ. ಜಾಣ ಮಾದರಿ ಹತ್ತರಲ್ಲಿ ಒಂಬತ್ತು ಸಲ ಸಂಭಾಳಿಸಿ ದೋಷವನ್ನು ಮುಚ್ಚಿಡುತ್ತದೆ.

ಎರಡನೆಯ ಆಕ್ಷೇಪ ಪ್ರತ್ಯಕ್ಷವಾದಿಯದು. ವಿವರಣೆಯನ್ನು ನಂಬುವುದೇಕೆ, ಏಜೆಂಟ್ ಟೂಲ್ ಅನ್ನು ಬಳಸಿ ನೋಡಲಿ, ಸಾಧ್ಯವಾದರೆ ಮೂಲ ಕೋಡನ್ನೇ ಓದಲಿ. ಹವಾಮಾನ ಕೇಳುವ ಟೂಲ್‌ಗೆ ಈ ಸಲಹೆ ಸರಿ. ಹಣ ಕಳಿಸುವುದು, ಖಾತೆ ಮುಚ್ಚುವುದು, ಕಡತ ಅಳಿಸುವುದು ಇವುಗಳಲ್ಲಿ ಬಳಸಿ ನೋಡುವುದು ಎಂದರೆ ಮಾಡಿಮುಗಿಸುವುದೇ. ಸುಳ್ಳು ಹಣದ ಪರೀಕ್ಷಾ ವ್ಯವಸ್ಥೆ ಇದ್ದ ಕಡೆ ಮೊದಲು ನೋಡಬಹುದು. ಆದರೆ ಅದು ನಿಜದ ವ್ಯವಸ್ಥೆಯಂತೆಯೇ ವರ್ತಿಸುತ್ತದೆ ಎಂಬುದಕ್ಕೂ ಮತ್ತೆ ಯಾರದೋ ಮಾತೇ ಆಧಾರ. ಕೋಡ್ ಓದುವುದರ ತೊಡಕು ಇನ್ನೂ ಆಳದ್ದು. ಕೋಡ್ ಏನಾಗುತ್ತದೆ ಎಂದು ಹೇಳುತ್ತದೆ. ಏನಾಗಬೇಕಿತ್ತು ಎಂದು ಹೇಳುವುದಿಲ್ಲ. ಹಣ ಮರಳಿಸಿದ ಮೇಲೆ ಗ್ರಾಹಕರಿಗೆ ಸಂದೇಶ ಹೋಗದಿದ್ದರೆ ಅದು ದೋಷವೋ ಉದ್ದೇಶವೋ ಎಂದು ಕೋಡ್ ಓದಿ ನಿರ್ಣಯಿಸಲಾಗದು. ಸಂದೇಶ ಕಳಿಸುತ್ತೇವೆ ಎಂದು ದಾಖಲೆ ಮಾತು ಕೊಟ್ಟಿದ್ದರೆ ಮಾತ್ರ ಅದು ದೋಷ. ಹೀಗಾಗಿ ದಾಖಲೆ ವಸ್ತುಸ್ಥಿತಿಯ ವರದಿಯಷ್ಟೇ ಅಲ್ಲ, ಕೊಟ್ಟ ಮಾತು. ಪ್ರತ್ಯಕ್ಷ ಅದನ್ನು ಪರೀಕ್ಷಿಸಬಲ್ಲದು, ಅದರ ಜಾಗಕ್ಕೆ ಬರಲಾರದು.

ಮೂರನೆಯದು ತತ್ತ್ವಜ್ಞರ ಆಕ್ಷೇಪ. ಯಂತ್ರಕ್ಕೆ ಅರಿವೇ ಇಲ್ಲ ಎಂದಮೇಲೆ ಅಲ್ಲಿ ಪ್ರಮಾಣವೆಲ್ಲಿ, ಮಾತಿನಿಂದ ಹುಟ್ಟುವ ಶಾಬ್ದಬೋಧವೆಲ್ಲಿ? ಪ್ರಮೆ, ಅಂದರೆ ಸರಿಯಾದ ಅರಿವು, ಆತ್ಮನಲ್ಲಿ ಹುಟ್ಟುವಂಥದ್ದು. ಅಕ್ಷರ ತಿರುವಿಹಾಕುವ ಗಣಿತಕ್ಕೆ ಆ ಹೆಸರು ಕೊಡುವುದು ಬರೀ ಉಪಚಾರ ಎನ್ನಬಹುದು. ಯಂತ್ರಕ್ಕೆ ಅರಿವಿಲ್ಲ ಎಂದೇ ಒಪ್ಪೋಣ. ಆದರೂ ವಾದ ಬೀಳುವುದಿಲ್ಲ. ಮಾತಿನ ದೋಷ ಮಾತಿನಲ್ಲಿದೆ. ಕೇಳಿದವನಿಗೆ ಚೈತನ್ಯವಿದ್ದರೆ ಮಾತ್ರ ಅದು ದೋಷ, ಇಲ್ಲದಿದ್ದರೆ ಗುಣ ಎಂದಾಗುವುದಿಲ್ಲ. ಮಿಗಿಲಾಗಿ, ಈ ಮಾತಿನ ಸರಪಳಿ ಯಂತ್ರದಲ್ಲಿ ಮುಗಿಯುವುದೂ ಇಲ್ಲ. ಒಂದು ತುದಿಯಲ್ಲಿ ವಿವರಣೆ ಬರೆದವರಿದ್ದಾರೆ, ಇನ್ನೊಂದು ತುದಿಯಲ್ಲಿ 500 ರೂಪಾಯಿ ಬಂದಿದೆ ಎಂದು ನಂಬಿ ಕೂತ ಗ್ರಾಹಕಿ ಇದ್ದಾಳೆ. ಏಜೆಂಟ್‌ಗೆ ಅರಿವಿಲ್ಲ ಎನ್ನುವವರು ಬರೆದವರ ಹೊಣೆಯನ್ನು ಹಗುರ ಮಾಡುತ್ತಿಲ್ಲ, ಭಾರ ಮಾಡುತ್ತಿದ್ದಾರೆ. ನಡುವಿನವನಿಗೆ ವಿವೇಕವೇ ಇಲ್ಲವಾದರೆ ತಪ್ಪು ಮಾತು ದಾರಿಯಲ್ಲಿ ಎಲ್ಲೂ ತಡೆಯಿಲ್ಲದೆ ಗ್ರಾಹಕಿಯನ್ನು ತಲುಪುತ್ತದೆ.

ನಾಲ್ಕನೆಯ ಆಕ್ಷೇಪ ಹೊಸ ಕಾಲದ್ದು. ಈಗ ಬಹಳಷ್ಟು ದಾಖಲೆಯನ್ನು ಯಾರೂ ಬರೆಯುವುದಿಲ್ಲ. ಅದು ಕೋಡಿನಿಂದಲೋ ಓಪನ್‌ಎಪಿಐನಂಥ ನಮೂನೆಯಿಂದಲೋ ತಾನಾಗಿ ತಯಾರಾಗುತ್ತದೆ, ಇಲ್ಲವೇ ಇನ್ನೊಂದು ಭಾಷಾ ಮಾದರಿ ಬರೆಯುತ್ತದೆ. ಬರೆದವರೇ ಇಲ್ಲದಾಗ ಆಪ್ತತ್ವ ಯಾರದು? ವೇದ ಅಪೌರುಷೇಯ, ಕರ್ತೃವಿಲ್ಲದ್ದರಿಂದ ಕರ್ತೃದೋಷವೂ ಇಲ್ಲ ಎಂದ ಮೀಮಾಂಸಕರ ಮಾತು ಇಲ್ಲಿ ನೆನಪಾಗಬಹುದು. ಆದರೆ ಹೋಲಿಕೆ ನಿಲ್ಲುವುದಿಲ್ಲ. ಅವರು ಕರ್ತೃವಿಲ್ಲ ಎಂದದ್ದು ಅನಾದಿಯಾದ, ಬದಲಾಗದ ಶಬ್ದಕ್ಕೆ. ನಿನ್ನೆ ತಯಾರಾಗಿ ನಾಡಿದ್ದು ಹಳತಾಗುವ ವಿವರಣೆಗೆ ಕರ್ತೃ ಇದ್ದೇ ಇದ್ದಾರೆ. ಅವರು ಸಹಿ ಹಾಕಿಲ್ಲ, ಅಷ್ಟೆ. ಯಂತ್ರದಿಂದ ಬರೆಸಿದರೂ ಪ್ರಕಟಿಸಿದವರು ಅದನ್ನು ತಮ್ಮ ಮಾತೆಂದು ಒಪ್ಪಿಕೊಂಡಂತೆ. ಹಾಗಾಗಿ ಯಾವ ಆವೃತ್ತಿಯ ಟೂಲ್‌ಗೆ ಈ ಮಾತು, ಬದಲಾದರೆ ತಿಳಿಸುವವರು ಯಾರು, ತಪ್ಪು ಕಂಡರೆ ಯಾರಿಗೆ ಹೇಳಬೇಕು ಎಂಬುದನ್ನು ತೋರಿಸದ ದಾಖಲೆ, ಅದರ ಪ್ರತಿ ವಾಕ್ಯ ಇಂದು ನಿಜವಾಗಿದ್ದರೂ, ಪೂರ್ಣ ಅಂಕಕ್ಕೆ ಅರ್ಹವಲ್ಲ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ. ಎಷ್ಟು ಬರೆದರೂ ಮುಗಿಯದು. ಯಾವ ನಿಯಮವೂ ತನ್ನನ್ನು ಹೇಗೆ ಅನ್ವಯಿಸಬೇಕೆಂಬ ಕಡೆಯ ಮಾತನ್ನು ತನ್ನೊಳಗೆ ಇಟ್ಟುಕೊಂಡಿರುವುದಿಲ್ಲ. 1953ರಲ್ಲಿ ಪ್ರಕಟವಾದ ‘ಫಿಲಸಾಫಿಕಲ್ ಇನ್ವೆಸ್ಟಿಗೇಶನ್ಸ್’ ಕೃತಿಯಲ್ಲಿ ವಿಟ್‌ಗೆನ್‌ಸ್ಟೈನ್ ತೋರಿಸಿದ್ದು ಇದನ್ನೇ. ನಿಯಮದ ಅರ್ಥ ನಿಲ್ಲುವುದು ಒಟ್ಟಾಗಿ ಬಾಳುವವರ ರೂಢಿಯಲ್ಲಿ. ಇದು ನಿಜ, ಮತ್ತು ಇದೇ ದಾಖಲೆಗೆ ಅಳತೆಗೋಲನ್ನೂ ಕೊಡುತ್ತದೆ. ಬೇರೆ ಮೂಲದಿಂದ ತಿಳಿಯಬರುವುದನ್ನು ವಿಧಿ ಹೇಳಬೇಕಿಲ್ಲ, ಅಪ್ರಾಪ್ತವಾದದ್ದನ್ನು ತಿಳಿಸುವುದರಲ್ಲೇ ಅದರ ಸಾರ್ಥಕ್ಯ ಎಂದು ಮೀಮಾಂಸಕರು ನಿಯಮಿಸಿದ್ದರು. ಏಜೆಂಟ್ ಲೋಕದ ತಂತ್ರಾಂಶ ರೂಢಿಯನ್ನು ತನ್ನ ಓದಿನಿಂದ ಹೀರಿಕೊಂಡಿದೆ. ಟೂಲ್ ಎಲ್ಲಿ ಆ ರೂಢಿಯಂತೆ ನಡೆಯುತ್ತದೋ ಅಲ್ಲಿ ದಾಖಲೆ ಚಿಕ್ಕದಾಗಿರಲಿ. ಎಲ್ಲಿ ರೂಢಿ ಬಿಟ್ಟು ನಡೆಯುತ್ತದೋ, ರೂಢಿಯೇ ಎರಡಾಗಿ ಒಡೆದಿದೆಯೋ, ಮಾಡಿದ್ದನ್ನು ಹಿಂದೆಗೆಯಲಾಗದೋ ಅಲ್ಲಿ ಅದು ಮಾತಾಡಲೇಬೇಕು. ಮಾತು ತಲುಪದ ಕಡೆ, ಇಲ್ಲಿ ಮನುಷ್ಯರನ್ನು ಕೇಳು ಎಂದು ಹೇಳಿ ನಿಲ್ಲುವುದೂ ಪೂರ್ಣ ದಾಖಲೆಯ ಲಕ್ಷಣವೇ. ಪುಟಗಳ ಸಂಖ್ಯೆಯಿಂದ ಗುಣ ಅಳೆಯುವವರೂ, ಕಡಿಮೆ ಪದಗಳಲ್ಲಿ ಮುಗಿಸಿದ್ದೇ ಗುಣ ಎನ್ನುವವರೂ ಈ ಭೇದವನ್ನು ಬಿಟ್ಟಿದ್ದಾರೆ.

ಹಾಗಾದರೆ ಮೌಲ್ಯಮಾಪನದ ಕ್ರಮ ತಾನಾಗಿ ಹೊಳೆಯುತ್ತದೆ. ಮೊದಲು ದಾಖಲೆಯನ್ನು ಏಜೆಂಟ್‌ನ ಕೈಗೆ ಕೊಡದೆಯೇ ದೋಷಗಳ ಪಟ್ಟಿಗೆ ಒಡ್ಡಬೇಕು. ಅದರಲ್ಲಿ ಎಲ್ಲ ದೋಷಕ್ಕೂ ಒಂದೇ ತೂಕ ಸಲ್ಲದು: ಗೊತ್ತಿದ್ದನ್ನೇ ಹೇಳಿದರೆ ಸ್ವಲ್ಪ ಅಂಕ ಹೋಗಲಿ, ಹಿಂದೆಗೆಯಲಾಗದ ಕೆಲಸದಲ್ಲಿ ಹೇಳಬೇಕಾದದ್ದನ್ನು ಬಿಟ್ಟರೆ ಉಳಿದ ಗುಣ ಎಷ್ಟಿದ್ದರೂ ದಾಖಲೆ ಅನುತ್ತೀರ್ಣ. ಎರಡನೆಯದಾಗಿ ಪ್ರತಿ ಹೇಳಿಕೆಯನ್ನು ಟೂಲ್‌ನ ನಡವಳಿಕೆಯೊಂದಿಗೆ ತಾಳೆ ನೋಡಬೇಕು. ಮೂರನೆಯದಾಗಿ ಏಜೆಂಟ್‌ನಿಂದ ಕೆಲಸ ಮಾಡಿಸಿ ನೋಡಬೇಕು, ಅದೂ ಒಂದೇ ಕೆಲಸವನ್ನು ಹಲವು ಸಲ, ಜಾಣ ಮಾದರಿಯಲ್ಲೂ ಸಾಧಾರಣ ಮಾದರಿಯಲ್ಲೂ. ಎರಡರ ನಡುವಿನ ಅಂತರ ಕಡಿಮೆಯಿದ್ದಷ್ಟೂ ಗೆಲುವಿನ ಶ್ರೇಯ ಮಾತಿಗೆ ಹೆಚ್ಚು. ಕೊನೆಗೆ ಈ ಮಾತಿನ ಹಿಂದೆ ನಿಂತವರು ಯಾರು ಎಂದು ಕೇಳಬೇಕು. ಈಗಿನ ರೂಢಿಯಲ್ಲಿ ಮೂರನೆಯದು ಒಂದೇ ಎಲ್ಲವೂ ಆಗಿದೆ. ಅದನ್ನು ಕೈಬಿಡಬೇಕಿಲ್ಲ, ಆದರೆ ಅದು ಸಾಕ್ಷಿ, ತೀರ್ಪಲ್ಲ. ತೀರ್ಪು ಕೊಡಬೇಕಾದದ್ದು, ಮರಳಿ ಪ್ರಶ್ನಿಸದೆ ಒಪ್ಪಿಕೊಳ್ಳುವ ಕೇಳುಗನಿಗೆ ಈ ಮಾತನ್ನು ಹೇಳುವ ಅಧಿಕಾರವನ್ನು ಬರೆದವರು ತಮ್ಮ ಅರಿವಿನಿಂದಲೂ ಪ್ರಾಮಾಣಿಕತೆಯಿಂದಲೂ ಗಳಿಸಿದ್ದಾರೆಯೇ ಎಂಬುದರ ಮೇಲೆ. ಕೇಳುಗ ಪ್ರಶ್ನಿಸದಿದ್ದಾಗ ಪ್ರಶ್ನಿಸುವ ಕರ್ತವ್ಯ ಮೊದಲು ಹೇಳುವವನ ಪಾಲಿಗೆ, ಆಮೇಲೆ ಪರೀಕ್ಷಕನ ಪಾಲಿಗೆ ಬರುತ್ತದೆ. ಇದನ್ನು ಒಪ್ಪಿದರೆ ದಾಖಲೆ ಬರೆಯುವುದು ಉತ್ಪನ್ನ ಮುಗಿದ ಮೇಲಿನ ಕಿರುಕೆಲಸವಾಗಿ ಉಳಿಯುವುದಿಲ್ಲ. ಹಣದ ಮೊತ್ತ ರೂಪಾಯಿಯಲ್ಲೋ ಪೈಸೆಯಲ್ಲೋ ಎಂದು ಬರೆಯುವ ಒಂದು ಸಾಲು, ಕೋಡಿನಷ್ಟೇ ಹೊಣೆಯ ಕೆಲಸವಾಗುತ್ತದೆ.